ಉದ್ಯಾನಕ್ಕೆ ಬೀಗ, ಪಾಲಿಕೆಗೂ ಬೀಗ



ಬೆಂಗಳೂರಿನ ಬಡಾವಣೆಗಳಲ್ಲಿ ನಡೆಯುವ ನಾಗರಿಕರ ಕ್ಷೇಮಾಭಿವೃದ್ಧಿ ಸಂಘದ ಸಭೆ ನಿಮಗೆ ಹೊಸದಲ್ಲ. ಭಾನುವಾರದ ಪೂಜೆ ಮುಗಿಸಿ ಬಂದ ನಿಮ್ಮಲ್ಲಿ ಅನೇಕರು ಅಲ್ಲಿ ಕುಳಿತವರೇ. ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಕರಕರ ಎನ್ನುವ ಒಂದು ಮೈಕು, ಕಾಫಿ, ಬಿಸ್ಕತ್ತು. ಮೊದಲು ಕಸದ ಗಾಡಿಯ ಮಾತು, ಬಳಿಕ ಅಗೆದು ಬಿಟ್ಟ ರಸ್ತೆಯ ಮಾತು. ಆಮೇಲೆ ಯಾರಾದರೊಬ್ಬರು ಎದ್ದು ನಿಂತು ಉದ್ಯಾನದ ವಿಷಯ ತೆಗೆಯುತ್ತಾರೆ. ಹೊರಗಿನವರು ಬಂದು ಕೂರುತ್ತಾರಂತೆ. ಮಧ್ಯಾಹ್ನ ಬೆಂಚಿನ ಮೇಲೆ ಯಾರೋ ಮಲಗಿರುತ್ತಾರಂತೆ. ಪಕ್ಕದ ಕಾಲೊನಿಯ ಹುಡುಗರು ಕ್ರಿಕೆಟ್ ಆಡಿ ಹುಲ್ಲು ಹಾಳು ಮಾಡುತ್ತಾರಂತೆ. ಸಂಜೆಯಾದರೆ ಜೋಡಿಗಳ ಕಾಟವಂತೆ. ಸಭೆಗೆ ಬಿಸಿಯೇರುತ್ತದೆ. ಕೊನೆಗೆ ಎರಡು ನಿರ್ಣಯಗಳಾಗುತ್ತವೆ: ಉದ್ಯಾನಕ್ಕೆ ಬೀಗ ಹಾಕಿಸುವುದು, ಪೊಲೀಸ್ ಠಾಣೆಗೆ ಮನವಿ ಕೊಡುವುದು. ಚಪ್ಪಾಳೆಯೊಂದಿಗೆ ಸಭೆ ಮುಗಿಯುತ್ತದೆ.

ಆ ಸಭೆಯಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ. ಈ ವಾರ್ಡಿನ ಹೊಣೆ ಹೊರಲು ನಾವು ಆರಿಸಿದವರು ಯಾರು? 2020ರ ಸೆಪ್ಟೆಂಬರ್ 10ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಅಂದಿನಿಂದ, 2025ರ ಸೆಪ್ಟೆಂಬರ್ 2ರಂದು ಆ ಪಾಲಿಕೆಯನ್ನು ಐದಾಗಿ ಒಡೆಯುವವರೆಗೆ, ಹೆಚ್ಚು ಕಡಿಮೆ ಐದು ವರ್ಷ, ಕೋಟಿಗೂ ಮಿಕ್ಕ ಜನರಿರುವ ಈ ನಗರದಲ್ಲಿ ಒಬ್ಬನೇ ಒಬ್ಬ ಪಾಲಿಕೆ ಸದಸ್ಯನಿರಲಿಲ್ಲ. ಪರಿಷತ್ತಿನ ಒಂದು ಪೂರ್ಣ ಅವಧಿಯೇ ಹೀಗೆ ಬರಿದಾಗಿ ಕಳೆಯಿತು. ಉದ್ಯಾನದ ಬೆಂಚಿನ ಮೇಲೆ ಮಲಗಿದವನನ್ನು ಕಂಡು ಕೆರಳಿದ ನಾವು, ಪಾಲಿಕೆಯ ಸಭಾಂಗಣಕ್ಕೆ ಬಿದ್ದ ಬೀಗವನ್ನು ಕಂಡು ಕೆರಳಲಿಲ್ಲ.

ಈ ಎರಡು ಬೀಗಗಳನ್ನೂ ಹೊಯ್ದದ್ದು ಒಂದೇ ಕಬ್ಬಿಣದಲ್ಲಿ ಎಂಬುದು ನನ್ನ ವಾದ. ತನ್ನ ಊರನ್ನು ತಾನೇ ನಡೆಸಿಕೊಳ್ಳುವ ಹೊಣೆಯನ್ನು ಬಿಟ್ಟುಕೊಟ್ಟ ನಾಗರಿಕನಿಗೆ ಕೊನೆಗೆ ಕೇಳಲು ಉಳಿಯುವುದು ಎರಡೇ: ಒಂದು ಬೀಗ, ಒಂದು ಲಾಠಿ. ಅದನ್ನೇ ನಾವು ಸುರಕ್ಷತೆ ಎಂದು ಕರೆಯುತ್ತಿದ್ದೇವೆ. ಈ ಮಾತು ನಿಮ್ಮಲ್ಲಿ ಕೆಲವರಿಗೆ ಕಹಿಯಾಗಬಹುದು. ಆದರೂ ಕೊನೆಯವರೆಗೆ ಓದಿ, ಅನಂತರ ಒಪ್ಪಿ ಅಥವಾ ಜಗಳವಾಡಿ.

ಯಾರ ಕೆಲಸ ಯಾರದು?

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ದೇಶದಲ್ಲಿ ಪೊಲೀಸ್ ಇಲಾಖೆ ರಾಜ್ಯ ಸರ್ಕಾರದ ಕೈಯಲ್ಲಿದೆ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ ಅದು ಸೇರಿದೆ. ನಗರದ ಪೊಲೀಸ್ ಆಯುಕ್ತರು ಮೇಯರ್‌ಗೆ ಉತ್ತರಿಸಬೇಕಾಗಿಲ್ಲ. ಗೃಹ ಇಲಾಖೆಗೆ ಉತ್ತರಿಸುತ್ತಾರೆ. ಹಾಗಾಗಿ ಕಳ್ಳತನ, ಹೊಡೆದಾಟ, ಸರಗಳ್ಳತನ, ಹೆಣ್ಣುಮಕ್ಕಳಿಗೆ ಕಿರುಕುಳ ಇವುಗಳಿಗೆ ಠಾಣೆಗೇ ಹೋಗಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಸಂವಿಧಾನದ 74ನೆಯ ತಿದ್ದುಪಡಿಯೂ ಇದೆ. 1993ರ ಜೂನ್ 1ರಿಂದ ಜಾರಿಯಲ್ಲಿರುವ ಆ ತಿದ್ದುಪಡಿ ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿ, ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಹೆಸರಿಸಿತು. ಉದ್ಯಾನ, ತೋಟ, ಆಟದ ಮೈದಾನ ಅದರಲ್ಲಿವೆ. ಬೀದಿದೀಪ, ವಾಹನ ನಿಲುಗಡೆ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯ ಅದರಲ್ಲಿವೆ. ಕೊಳೆಗೇರಿಗಳ ಸುಧಾರಣೆಯೂ ನಗರದ ಬಡತನದ ನಿವಾರಣೆಯೂ ಅದರಲ್ಲಿವೆ.

ಈಗ ನಮ್ಮ ದೂರುಗಳ ಪಟ್ಟಿಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಕತ್ತಲ ಓಣಿಯಲ್ಲಿ ನಡೆಯಲು ಮಗಳು ಹೆದರುತ್ತಾಳೆ. ಆ ಓಣಿಯ ದೀಪ ಆರು ತಿಂಗಳಿಂದ ಉರಿದಿಲ್ಲ. ಉದ್ಯಾನದ ಮೂಲೆಯಲ್ಲಿ ಗಂಡಸರು ಮೂತ್ರ ಮಾಡುತ್ತಾರೆ. ಅರ್ಧ ಮೈಲಿಯ ಒಳಗೆ ಒಂದು ಶೌಚಾಲಯವಿಲ್ಲ. ಹುಡುಗರು ರಸ್ತೆಯಲ್ಲಿ ಚೆಂಡಾಡಿ ಕಾರಿನ ಗಾಜು ಒಡೆಯುತ್ತಾರೆ. ಅವರಿಗೆ ಬೇರೆ ಮೈದಾನವಿಲ್ಲ. ಪಾದಚಾರಿ ದಾರಿಯ ಮೇಲೆ ಗಾಡಿ ನಿಲ್ಲಿಸಿ ತರಕಾರಿ ಮಾರುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೇಳಿದಂತೆ ಅವರಿಗೆ ಜಾಗ ಗುರುತಿಸಬೇಕಾದವರು ಗುರುತಿಸಿಲ್ಲ. ಇವುಗಳಲ್ಲಿ ಯಾವುದೂ ಮೂಲದಲ್ಲಿ ಪೊಲೀಸರ ಕೆಲಸವಲ್ಲ. ಪಾಲಿಕೆ ಮಾಡದೆ ಬಿಟ್ಟ ಕೆಲಸ ಒಂದೆರಡು ವರ್ಷ ಕೊಳೆತ ಮೇಲೆ ಪೊಲೀಸ್ ದೂರಾಗಿ ಠಾಣೆಯ ಮೆಟ್ಟಿಲೇರುತ್ತದೆ. ದೀಪ ಹಾಕಿಸಬೇಕಾದಲ್ಲಿ ನಾವು ಪೇದೆಯನ್ನು ಕೇಳುತ್ತೇವೆ. ಆ ಪೇದೆ ಬಂದು ಏನು ಮಾಡಬೇಕು? ಕತ್ತಲಿಗೆ ಲಾಠಿ ಬೀಸಬೇಕೇ?

ಹಳ್ಳಿ ಮತ ಹಾಕಿತು, ನಗರ ಸುಮ್ಮನಿತ್ತು

ಅಧಿಕಾರವನ್ನು ಜನರ ಬಾಗಿಲಿಗೆ ತಲುಪಿಸುವುದು ಕರ್ನಾಟಕಕ್ಕೆ ಹೊಸ ಪಾಠವಲ್ಲ. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, ಅಬ್ದುಲ್ ನಜೀರ್ ಸಾಬರು ಪಂಚಾಯತಿ ಸಚಿವರಾಗಿದ್ದಾಗ, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯತಿಗಳಿಗೂ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು. ಬೋರ್‌ವೆಲ್ ಹಾಕಿಸಿದ ಆ ‘ನೀರ್ ಸಾಬ’ರನ್ನು ಹಳ್ಳಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಬೆಂಗಳೂರು ನಗರದ ಪುರಸಭಾ ಆಡಳಿತಕ್ಕಂತೂ 1862ರಷ್ಟು ಹಳೆಯ ಬೇರಿದೆ. ಪೇಟೆಯ ಪುರಸಭೆಯೂ ದಂಡು ಪ್ರದೇಶದ ಪುರಸಭೆಯೂ 1949ರಲ್ಲಿ ಒಂದಾಗಿ ಕಾರ್ಪೊರೇಷನ್ ಹುಟ್ಟಿತು. ಇಂಥ ನಗರ ತನ್ನ ಪರಿಷತ್ತನ್ನು ಕಳೆದುಕೊಂಡದ್ದು ಇದೇ ಮೊದಲ ಸಲವೂ ಅಲ್ಲ. 2006ರ ಕೊನೆಯಿಂದ 2010ರ ಚುನಾವಣೆಯವರೆಗೂ ಇಲ್ಲಿ ಆಡಳಿತಾಧಿಕಾರಿಯೇ ಇದ್ದರು.

ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿಸಿರಬೇಕು ಎಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ವಿಧಿಸುತ್ತದೆ. ಆದರೂ 2020ರಲ್ಲಿ ಏನಾಯಿತು? ಡಿಸೆಂಬರ್ 4ರಂದು ಉಚ್ಚ ನ್ಯಾಯಾಲಯ, ಆರು ವಾರದೊಳಗೆ ಚುನಾವಣಾ ವೇಳಾಪಟ್ಟಿ ಹೊರಡಿಸಿ ಎಂದಿತು. ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಬಳಿಕ ವಾರ್ಡುಗಳ ಸಂಖ್ಯೆ 198ರಿಂದ 243 ಆಯಿತು, ಅನಂತರ 225 ಆಯಿತು. ಗಡಿ ಬದಲಾಯಿತು, ಮೀಸಲಾತಿ ಪಟ್ಟಿ ಬದಲಾಯಿತು, ಸರ್ಕಾರಗಳೂ ಬದಲಾದವು. ಚುನಾವಣೆ ಮಾತ್ರ ನಡೆಯಲಿಲ್ಲ. ಯಾವ ಪಕ್ಷಕ್ಕೂ ಅವಸರವಿರಲಿಲ್ಲ ಎಂಬುದನ್ನು ಗಮನಿಸಿ.

ಅದೇ 2020ರ ಡಿಸೆಂಬರ್ 22 ಮತ್ತು 27ರಂದು, ಅದೇ ಕೊರೋನಾದ ನಡುವೆ, ನಮ್ಮ ಹಳ್ಳಿಗಳು ಗ್ರಾಮ ಪಂಚಾಯತಿಗೆ ಮತ ಹಾಕಿದವು. ಮತದಾನ ಶೇಕಡ 80ರ ಆಸುಪಾಸಿನಲ್ಲಿತ್ತು. ಮುಸುಕು ಕಟ್ಟಿಕೊಂಡು, ದೂರ ದೂರ ನಿಂತು, ಅಜ್ಜಿಯರು ಕೂಡ ಬಂದರು. ಬೆಂಗಳೂರಿನಲ್ಲಿ 2015ರ ಆಗಸ್ಟ್ 22ರಂದು ನಡೆದ ಪಾಲಿಕೆ ಚುನಾವಣೆಯಲ್ಲಿ, ರೋಗವಿಲ್ಲ, ರುಜಿನವಿಲ್ಲ, ಶನಿವಾರದ ರಜೆ ಬೇರೆ, ಮತ ಹಾಕಿದವರು ಅರ್ಧಕ್ಕಿಂತ ಕಡಿಮೆ. ಹೀಗಿರುವಾಗ ಚುನಾವಣೆಯನ್ನು ಮುಂದೂಡಲು ಯಾವ ಸರ್ಕಾರಕ್ಕೆ ತಾನೇ ಅಂಜಿಕೆ ಇರುತ್ತದೆ? ಕೇಳದವನ ಪಾಲಿನ ಅನ್ನ ತಣ್ಣಗಾಗುತ್ತದೆ. ಹಳ್ಳಿಗರ ಪಾಲೂ ಸುರಕ್ಷಿತವಾಗಿ ಉಳಿಯಲಿಲ್ಲ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯತಿಗಳೂ ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಳೆದವು. ಒಂದು ಕಡೆ ಅಭ್ಯಾಸವಾದ ರೋಗ ಇನ್ನೊಂದು ಕಡೆಗೆ ಹಬ್ಬಲು ತಡವೇನು?

“ಕಾರ್ಪೊರೇಟರ್ ಇಲ್ಲದಿದ್ದರೇ ವಾಸಿ”

ಈ ಮಾತನ್ನು ಓದಿದವರ ಬಾಯಲ್ಲೇ ನಾವು ಹೆಚ್ಚಾಗಿ ಕೇಳುತ್ತೇವೆ. ಕಾರ್ಪೊರೇಟರ್ ಎಂದರೆ ಕಮಿಷನ್, ಗುತ್ತಿಗೆದಾರ, ಫ್ಲೆಕ್ಸ್ ಬೋರ್ಡು. ಐಎಎಸ್ ಅಧಿಕಾರಿಯಾದರೆ ಓದಿದವರು, ಕೆಲಸ ಮಾಡುತ್ತಾರೆ ಎಂದು ವಾದ. ಭ್ರಷ್ಟ ಸದಸ್ಯರು ಇದ್ದರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಸಿಟ್ಟು ನ್ಯಾಯವಾದದ್ದು. ಆದರೆ ನಿಮ್ಮ ವಾದವನ್ನು ಇತಿಹಾಸ ಪರೀಕ್ಷಿಸಿ ನೋಡಿದೆ. ಐದು ವರ್ಷ ಸದಸ್ಯರಿರಲಿಲ್ಲ; ಅಧಿಕಾರಿಗಳೇ ಇದ್ದರು. ಆ ಐದು ವರ್ಷದಲ್ಲಿ ಗುಂಡಿಗಳು ಮುಚ್ಚಿದವೇ? ಕಸದ ರಾಶಿ ಕರಗಿತೇ? ಗುತ್ತಿಗೆಯ ಬಗ್ಗೆ ಆರೋಪಗಳು ನಿಂತವೇ? 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಕಡೆ ರಾಜಕಾಲುವೆಗಳು ಉಕ್ಕಿ, ಕೋಟಿ ಬೆಲೆಯ ಮನೆಗಳವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಸಾಗಿಸಬೇಕಾಯಿತು. ಅಂದು ಆ ವಾರ್ಡುಗಳ ಜನ ಕೊರಳಪಟ್ಟಿ ಹಿಡಿದು ಕೇಳಲು ಒಬ್ಬ ಸದಸ್ಯನಿರಲಿಲ್ಲ. ಒಂದು ವಾರ್ಡಿನ ಚರಂಡಿಯ ಪ್ರಶ್ನೆ ನೇರವಾಗಿ ವಿಧಾನಸೌಧಕ್ಕೆ ಹೋಯಿತು. ಅಲ್ಲಿಂದ ಹಿಂತಿರುಗಿ ಬರುವಷ್ಟರಲ್ಲಿ ನೀರು ತಾನಾಗಿಯೇ ಇಳಿದಿತ್ತು.

ಅಧಿಕಾರಿ ಒಳ್ಳೆಯವರಿರಬಹುದು. ಆದರೆ ಅವರಿಗೆ ವರ್ಗವಾಗುತ್ತದೆ. ನಿಮ್ಮ ಬೀದಿಯ ಗುಂಡಿ ಅವರ ಮುಂದಿನ ಹುದ್ದೆಯನ್ನು ನಿರ್ಧರಿಸುವುದಿಲ್ಲ. ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸಬಹುದು. ಕೆಟ್ಟ ಅಧಿಕಾರಿಯ ಮುಂದೆ ಮನವಿಪತ್ರ ಹಿಡಿದು ನಿಲ್ಲುವುದಷ್ಟೇ ನಮಗೆ ಉಳಿಯುತ್ತದೆ. ಶಾಸಕರಿದ್ದಾರಲ್ಲ ಎನ್ನುತ್ತೀರಾ? ನಗರಕ್ಕೆ 28 ಮಂದಿ ಶಾಸಕರು. ಒಬ್ಬೊಬ್ಬರ ಕ್ಷೇತ್ರದಲ್ಲೂ ಲಕ್ಷಗಟ್ಟಲೆ ಮತದಾರರು. ಕಾನೂನು ಮಾಡಲು ಹೋದವರು ಬೀದಿದೀಪದ ಬಲ್ಬು ಬದಲಾಯಿಸುವವರೂ ಆದಾಗ ಎರಡು ಕೆಲಸವೂ ಕೆಡುತ್ತದೆ. ಇನ್ನೊಂದು ಮಾತು: 2015ರ ಪರಿಷತ್ತಿನ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಪರಿಷತ್ತು ಹೋದಾಗ ನೂರರ ಸಮೀಪದ ಹೆಣ್ಣುಮಕ್ಕಳ ದನಿ ಒಂದೇ ದಿನ ನಿಂತುಹೋಯಿತು. ಹೆಣ್ಣುಮಕ್ಕಳ ಸುರಕ್ಷತೆಗೆಂದು ಉದ್ಯಾನಕ್ಕೆ ಬೀಗ ಕೇಳುವ ನಾವು, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಹೊರಗಿನವರು ಯಾರು?

ಈಗ ಉದ್ಯಾನಕ್ಕೆ ಬರೋಣ. 1985ರಲ್ಲಿ ಕರ್ನಾಟಕ ಶಾಸನಸಭೆ ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳನ್ನು ಕಾಪಾಡಲೆಂದೇ ಒಂದು ಕಾಯ್ದೆ ಮಾಡಿತು. ಅಂಥ ಜಾಗ ಬೇರೆ ಕೆಲಸಕ್ಕೆ ಹೋಗಬಾರದು, ಸಾರ್ವಜನಿಕರಿಗೇ ಉಳಿಯಬೇಕು ಎಂಬುದು ಅದರ ಆಶಯ. ಅದಕ್ಕಿಂತ ಮೊದಲೇ ನಮ್ಮ ನಗರದ ನಿವಾಸಿಗಳು ಈ ಆಶಯಕ್ಕಾಗಿ ಹೋರಾಡಿದ್ದುಂಟು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು, ಅಂದಿನ ಮುಖ್ಯಮಂತ್ರಿಯ ಆದೇಶದ ಮೇರೆಗೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟುಬಿಟ್ಟರು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದಲ್ಲಿ ಮೊದಲು ಸೋತು, ಮೇಲ್ಮನವಿಯಲ್ಲಿ ಗೆದ್ದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಗೆಲುವನ್ನು ಎತ್ತಿಹಿಡಿಯಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ನಡುವಿನ ಆ ಮೊಕದ್ದಮೆಯನ್ನು ದೇಶದ ವಕೀಲರೆಲ್ಲ ಇಂದಿಗೂ ಉಲ್ಲೇಖಿಸುತ್ತಾರೆ. ಉದ್ಯಾನ ಇಡೀ ಸಮುದಾಯದ ಉಸಿರು, ಒಬ್ಬರ ಲಾಭಕ್ಕೆ ಅದನ್ನು ಬಿಟ್ಟುಕೊಡಲಾಗದು ಎಂಬುದು ಅದರ ತಿರುಳು.

ಹಾಗೆ ಉಳಿಸಿಕೊಂಡ ಉದ್ಯಾನಗಳನ್ನು ಈಗ ನಾವೇ ಮುಚ್ಚುತ್ತಿದ್ದೇವೆ. ಬಹುಕಾಲ ನಮ್ಮ ಬಡಾವಣೆಗಳ ಉದ್ಯಾನಗಳು ಬೆಳಿಗ್ಗೆ 10ಕ್ಕೆ ಮುಚ್ಚಿ ಮಧ್ಯಾಹ್ನ ಒಂದೂವರೆಗೆ ತೆರೆಯುತ್ತಿದ್ದವು. 2024ರ ಜೂನ್‌ನಲ್ಲಿ ಪಾಲಿಕೆ, ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಅವು ತೆರೆದಿರಬೇಕೆಂದು ಹೇಳಿದಾಗ ಹಲವು ಬಡಾವಣೆಗಳಲ್ಲಿ ಅಸಮಾಧಾನದ ಅಲೆಯೆದ್ದಿತು. ಯಾಕೆ? ವಾಯುವಿಹಾರಕ್ಕೆ ಹೋಗುವ ನಮಗೆ ಬೆಳಿಗ್ಗೆ, ಸಂಜೆ ಎರಡು ಹೊತ್ತು ಸಾಕು. ನಡುಹಗಲಲ್ಲಿ ನೆರಳು ಬೇಕಾದವರು ಬೇರೆ. ಮೂರು ಮನೆಯ ಪಾತ್ರೆ ತೊಳೆದು ನಾಲ್ಕನೆಯ ಮನೆಗೆ ಹೋಗುವ ಮುನ್ನ ಬುತ್ತಿ ಬಿಚ್ಚುವ ಹೆಂಗಸು. ನಿಮ್ಮ ಬಾಗಿಲಿಗೆ ಬಿಸಿ ಊಟ ತಂದುಕೊಟ್ಟು, ಮುಂದಿನ ಕರೆ ಬರುವವರೆಗೆ ಕಾಲು ಚಾಚಲು ಜಾಗ ಹುಡುಕುವ ಹುಡುಗ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರ. ಉದ್ಯಾನವನ್ನೇ ಗುಡಿಸುವ ಪೌರಕಾರ್ಮಿಕಳು, ತಾನು ಗುಡಿಸಿದ ಬೆಂಚಿನ ಮೇಲೆ ಕೂತರೆ ನಮ್ಮ ಹುಬ್ಬು ಏರುತ್ತದೆ. ನಮ್ಮ ಮನೆಗಳನ್ನು ನಡೆಸುವವರು ಇವರು. ಮನೆಯೊಳಗೆ ಬೇಕಾದವರು ಉದ್ಯಾನದಲ್ಲಿ ಹೊರಗಿನವರಾಗುವುದು ಯಾವ ನ್ಯಾಯ?

“ಆಸ್ತಿ ತೆರಿಗೆ ಕಟ್ಟುವವರು ನಾವು” ಎಂಬ ಉತ್ತರ ಬರುತ್ತದೆ. ಬಾಡಿಗೆ ಮನೆಯವನೂ ತನ್ನ ಬಾಡಿಗೆಯಲ್ಲಿ ಅದನ್ನು ಕಟ್ಟುತ್ತಾನೆ. ಹತ್ತು ಅಡಿಯ ಕೋಣೆಗೆ ಬಾಡಿಗೆ ಕೊಡುವವಳೂ ಕಟ್ಟುತ್ತಾಳೆ. ನಿಮಗೆ ಬಾಲ್ಕನಿ ಇದೆ, ಟೆರೇಸ್ ಇದೆ, ಊರಲ್ಲಿ ತೋಟವೂ ಇರಬಹುದು. ಆ ಹತ್ತು ಅಡಿಯ ಕೋಣೆಯ ಮಗುವಿಗೆ ಮರವೆಂದರೆ ಈ ಉದ್ಯಾನದ ಮರ, ಆಕಾಶವೆಂದರೆ ಇದರ ಮೇಲಿನ ಆಕಾಶ.

ಭಯ ಸುಳ್ಳಲ್ಲ

ನೀವು ಹೇಳುವ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಗಾಂಜಾದ ಕಾಟವಿರುವ ಉದ್ಯಾನಗಳಿವೆ. ಕುಡಿದು ಕೂಗಾಡುವವರಿದ್ದಾರೆ. ಸಂಜೆ ಏಳರ ಮೇಲೆ ಒಬ್ಬಳೇ ಹೋಗಲು ಹೆದರುವ ಹೆಣ್ಣುಮಗಳ ಭಯವನ್ನು ಯಾವ ಗಂಡಸೂ ಹಗುರಾಗಿ ಕಾಣಬಾರದು. ಪ್ರಶ್ನೆ ಇರುವುದು ಮದ್ದಿನ ಬಗ್ಗೆ. ಬೀಗ ಹಾಕಿದ ಉದ್ಯಾನದಲ್ಲಿ ಮಕ್ಕಳಿರುವುದಿಲ್ಲ, ಹೆಂಗಸರಿರುವುದಿಲ್ಲ, ಮುದುಕರಿರುವುದಿಲ್ಲ. ಬೇಲಿ ಹಾರಬಲ್ಲವನು ಮಾತ್ರ ಇರುತ್ತಾನೆ. ಜನ ತುಂಬಿದ ಜಾಗದಲ್ಲಿ ಕೆಟ್ಟವನಿಗೆ ಮುಜುಗರ. ಖಾಲಿ ಜಾಗ ಅವನ ರಾಜ್ಯ. ದೀಪ, ನೀರು, ಶೌಚಾಲಯ, ಗುರುತು ಹಿಡಿಯಬಲ್ಲ ಒಬ್ಬ ಕಾವಲುಗಾರ, ಆಡುವ ಮಕ್ಕಳು: ಇವಿಷ್ಟಿದ್ದರೆ ಅರ್ಧ ಭಯ ತಾನೇ ಓಡುತ್ತದೆ.

ಉಳಿದ ಅರ್ಧಕ್ಕೆ ಪೊಲೀಸರು ಬೇಕು. ಆದರೆ ಎಂಥ ಪೊಲೀಸರು? 2017ರಲ್ಲಿ ನಮ್ಮ ರಾಜ್ಯದ ಪೊಲೀಸ್ ಇಲಾಖೆ ಗಸ್ತಿನ ಪದ್ಧತಿಯನ್ನು ಬದಲಿಸಿ, ಠಾಣೆಯ ವ್ಯಾಪ್ತಿಯನ್ನು ಸಣ್ಣ ಸಣ್ಣ ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬೊಬ್ಬ ಸಿಬ್ಬಂದಿಯನ್ನು ಹೊಣೆ ಮಾಡಿ, ನಾಗರಿಕರನ್ನೂ ಜೊತೆಗೂಡಿಸಲು ಹೊರಟಿತು. ನಿಮ್ಮ ಬೀಟಿನ ಪೇದೆಯ ಹೆಸರು ನಿಮಗೆ ಗೊತ್ತೇ? ಗೊತ್ತಿದ್ದರೆ, ಅದೇ ಬೀಟಿನ ಕೊಳೆಗೇರಿಯವರಿಗೂ ಅವರು ಹೀಗೆಯೇ ಗುರುತೇ? ಗಸ್ತಿನ ಸಭೆಗೆ ಕಾರಿರುವವರನ್ನಷ್ಟೇ ಕರೆದರೆ, ಕಾರಿಲ್ಲದವರು ಆ ಸಭೆಯಲ್ಲಿ ಚರ್ಚೆಯ ವಸ್ತುವಾಗುತ್ತಾರೆಯೇ ಹೊರತು ಚರ್ಚಿಸುವವರಾಗುವುದಿಲ್ಲ. ಸುರಕ್ಷಿತ ನಗರ ಯೋಜನೆಯಲ್ಲಿ ಬೆಂಗಳೂರಿಗೆ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು. ಒಳ್ಳೆಯದೇ. ಆದರೆ ಕ್ಯಾಮೆರಾ ನೋಡುತ್ತದೆ. ಗುರುತಿಸಿ ಮಾತನಾಡಿಸಿ ಜಗಳ ಬಿಡಿಸುವುದು ಅದಕ್ಕೆ ತಿಳಿಯದು.

ಇನ್ನು ಪೊಲೀಸರ ಉತ್ತರದಾಯಿತ್ವ. 2006ರ ಸೆಪ್ಟೆಂಬರ್ 22ರಂದು, ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ಏಳು ನಿರ್ದೇಶನಗಳನ್ನು ನೀಡಿತು. ಪೊಲೀಸರ ಮೇಲಿನ ದೂರುಗಳನ್ನು ಕೇಳಲು ರಾಜ್ಯದಲ್ಲೂ ಜಿಲ್ಲೆಗಳಲ್ಲೂ ಪ್ರಾಧಿಕಾರಗಳಿರಬೇಕು ಎಂಬುದು ಅವುಗಳಲ್ಲೊಂದು. ಕರ್ನಾಟಕ 2012ರಲ್ಲಿ ತನ್ನ 1963ರ ಪೊಲೀಸ್ ಕಾಯ್ದೆಯನ್ನು ತಿದ್ದಿ ಅದಕ್ಕೆ ಜಾಗ ಮಾಡಿತು. ನಮ್ಮ ಸಂಘಗಳ ಮನವಿಪತ್ರಗಳಲ್ಲಿ ‘ಇನ್ನಷ್ಟು ಪೊಲೀಸರು’ ಎಂಬ ಮಾತು ಎಷ್ಟು ಸಲ ಬಂದಿದೆ? ‘ದೂರು ಪ್ರಾಧಿಕಾರ’ ಎಂಬ ಮಾತು ಎಷ್ಟು ಸಲ? ಮೊದಲನೆಯದನ್ನು ಮಾತ್ರ ಕೇಳುವವನಿಗೆ, ಲಾಠಿ ಎಂದೂ ತನ್ನ ಕಡೆ ತಿರುಗದು ಎಂಬ ಭರವಸೆ. ಅನುಮಾನದ ಮೇಲೆ ಠಾಣೆಯಲ್ಲಿ ರಾತ್ರಿ ಕೂರಿಸುವುದು ಸಾಮಾನ್ಯವಾಗಿ ನಿಮ್ಮ ಮಗನನ್ನಲ್ಲ, ಚೆಂಡು ತರಲು ಬೇಲಿ ಹಾರಿದ ಆ ಇನ್ನೊಬ್ಬ ಹುಡುಗನನ್ನು. ಅವನ ತಾಯಿ ಮರುದಿನ ಬೆಳಿಗ್ಗೆ ನಿಮ್ಮ ಮನೆಗೆ ಕೆಲಸಕ್ಕೆ ತಡವಾಗಿ ಬರುತ್ತಾಳೆ. ಯಾಕೆ ತಡವೆಂದು ಅವಳು ಹೇಳುವುದಿಲ್ಲ.

ನಮ್ಮ ಗೇಟಿನ ಮಾತು

ಇದನ್ನು ಬರೆಯುವ ನನ್ನ ಕೈಯೂ ಪೂರ್ತಿ ಶುದ್ಧವಲ್ಲ. ನಗರದ ಅನೇಕ ದೇವಾಲಯಗಳಿಗೂ ಶಾಲೆಗಳಿಗೂ ದೊಡ್ಡ ಅಂಗಳಗಳಿವೆ, ಮೈದಾನಗಳಿವೆ. ಶಾಲೆ ಬಿಟ್ಟ ಮೇಲೆ ಅವುಗಳ ಗೇಟು ಮುಚ್ಚುತ್ತದೆ. ಮುಚ್ಚಿಸುವವರು ನಮ್ಮಂಥ ಗುರುಗಳೇ. ಗಾಜು ಒಡೆದೀತು, ಗಲಾಟೆಯಾದೀತು, ಯಾರು ಹೊಣೆ ಎಂಬ ನಮ್ಮ ಕಾರಣಗಳು, ಸಂಘದ ಸಭೆಯ ಕಾರಣಗಳಿಗಿಂತ ಬೇರೆಯಲ್ಲ. ಊರಿಗೆ ಬುದ್ಧಿ ಹೇಳುವ ಮೊದಲು ಸಂಜೆ ಎರಡು ಗಂಟೆ ನೆರೆಯ ಮಕ್ಕಳಿಗೆ ಆ ಗೇಟನ್ನು ತೆರೆಯುವುದು ನ್ಯಾಯ. ನಿಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಈ ಪ್ರಶ್ನೆಯನ್ನು ಎತ್ತಿ. ನಿಮ್ಮ ಗುರುಗಳಿಗೆ ಮುಜುಗರವಾದರೂ ಎತ್ತಿ.

ಸ್ಥಳೀಯ ಆಡಳಿತದ ಬಗ್ಗೆ ನಮ್ಮ ಧರ್ಮಸಭೆಯ ಸಾಮಾಜಿಕ ಬೋಧನೆ ಮೌನವಾಗಿಲ್ಲ. 1931ರ ವಿಶ್ವಪತ್ರದಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅವರು, ಸಣ್ಣ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರ ಕಿತ್ತುಕೊಳ್ಳುವುದು ಅನ್ಯಾಯ ಎಂಬ ತತ್ವವನ್ನು ಮುಂದಿಟ್ಟರು. ಅವರು ಬರೆದದ್ದು ಸರ್ವಾಧಿಕಾರಿಗಳ ಯೂರೋಪಿನಲ್ಲಿ ಕುಳಿತು. ನಮ್ಮ ವಾರ್ಡಿನ ಚರಂಡಿಗೂ ಆ ತತ್ವ ಅಷ್ಟೇ ಸಲ್ಲುತ್ತದೆ.

ಹಾಗಾದರೆ ಮಾಡಬೇಕಾದುದೇನು?

2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದಿತು. ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ, ಅದರ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಪಂಡಿತರು ವಾದಿಸಲಿ. ಒಂದು ಪಾಲಿಕೆಯಾದರೂ ಐದಾದರೂ ನಾವು ಬಾಯಿ ಮುಚ್ಚಿಕೊಂಡಿದ್ದರೆ ಫಲ ಒಂದೇ. ಆದುದರಿಂದ ನಿಮ್ಮ ಮುಂದೆ ನಾಲ್ಕು ಕೆಲಸಗಳನ್ನು ಇಡುತ್ತೇನೆ.

ಮೊದಲನೆಯದು, ನಿಮ್ಮ ವಾರ್ಡಿನ ಮತದಾರರ ಪಟ್ಟಿಯಲ್ಲಿ ಮನೆಯವರೆಲ್ಲರ ಹೆಸರಿದೆಯೇ ನೋಡಿ. ಮನೆ ಬದಲಿಸಿದವರು, ಹದಿನೆಂಟು ತುಂಬಿದ ಮಕ್ಕಳು, ನಿಮ್ಮ ಮನೆಗೆಲಸದವರು, ಎಲ್ಲರ ಹೆಸರನ್ನೂ ನೋಡಿ. ವಾರ್ಡಿನ ಚುನಾವಣೆ ಯಾವಾಗ ಬಂದರೂ ಆ ದಿನವನ್ನು ಪ್ರವಾಸದ ರಜೆಯೆಂದು ಎಣಿಸಬೇಡಿ. ಅವಧಿ ಮುಗಿದು ಒಂದು ದಿನ ದಾಟಿದರೂ ‘ನಮ್ಮ ಚುನಾವಣೆ ಎಲ್ಲಿ’ ಎಂದು ಬೀದಿಗಿಳಿದು ಕೇಳಿ. 2016ರ ಅಕ್ಟೋಬರ್‌ನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಕೈ ಕೈ ಹಿಡಿದು ಸಾವಿರಾರು ಜನ ನಿಂತ ನಗರ ಇದು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಮರಗಳಿಗಾಗಿ ನಿಲ್ಲಬಲ್ಲವರು ಮತಪೆಟ್ಟಿಗೆಗಾಗಿಯೂ ನಿಲ್ಲಬಲ್ಲರು.

ಎರಡನೆಯದು, ವಾರ್ಡ್ ಸಮಿತಿಯ ಸಭೆಗೆ ಹೋಗಿ. ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ಅದು ಇರಲೇಬೇಕೆಂದು ಸಂವಿಧಾನ ಹೇಳುತ್ತದೆ. ಹಳೆಯ ಪಾಲಿಕೆಯ ನಿಯಮದಂತೆ ಸದಸ್ಯರ ಜೊತೆ ಹತ್ತು ಮಂದಿ ನಾಗರಿಕರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕಿತ್ತು. ಪರಿಷತ್ತಿಲ್ಲದ ವರ್ಷಗಳಲ್ಲೂ ಅನೇಕ ವಾರ್ಡುಗಳಲ್ಲಿ ಅಧಿಕಾರಿಯ ಮುಂದೆ ಈ ಸಭೆಗಳು ನಡೆದವು. ಮುಂದೆ ಖಾಲಿ ಕುರ್ಚಿಗಳು. ಒಂದು ಶನಿವಾರ ಬೆಳಿಗ್ಗೆ ಎರಡು ಗಂಟೆ ಕೊಡಲಾರದವರು, ವರ್ಷವಿಡೀ ಗೊಣಗುವ ಹಕ್ಕನ್ನು ಎಲ್ಲಿಂದ ತಂದರು?

ಮೂರನೆಯದು, ನಿಮ್ಮ ಉದ್ಯಾನದ ಕುರಿತು ಸಭೆ ಸೇರಿದಾಗ ‘ಹೊರಗಿನವರು’ ಎನಿಸಿಕೊಂಡವರನ್ನೂ ಕರೆಯಿರಿ. ಆ ಕಾಲೊನಿಯ ಇಬ್ಬರು ತಾಯಂದಿರು, ಆ ಕ್ರಿಕೆಟ್ ಆಡುವ ಹುಡುಗರಲ್ಲೊಬ್ಬ, ಆ ಪೌರಕಾರ್ಮಿಕಳು. ಆಟಕ್ಕೆ ಯಾವ ಹೊತ್ತು, ಹಿರಿಯರ ನಡಿಗೆಗೆ ಯಾವ ಹೊತ್ತು ಎಂದು ಒಟ್ಟಿಗೆ ಕುಳಿತು ನಿರ್ಧರಿಸಿ. ಅವರನ್ನು ಎದುರಿಗೆ ಕೂರಿಸಿಕೊಂಡು ಬೀಗದ ನಿರ್ಣಯಕ್ಕೆ ಚಪ್ಪಾಳೆ ತಟ್ಟುವುದು ಸುಲಭವಲ್ಲ, ಅದಕ್ಕಾಗಿಯೇ ಕರೆಯಿರಿ.

ನಾಲ್ಕನೆಯದು, ಠಾಣೆಗೆ ಮನವಿ ಬರೆಯುವ ಮುನ್ನ ಒಮ್ಮೆ ನಿಂತು ಕೇಳಿಕೊಳ್ಳಿ: ಇದು ಅಪರಾಧವೇ, ಅಥವಾ ಉರಿಯದ ದೀಪವೇ? ಅಪರಾಧವಾದರೆ 112ಕ್ಕೆ ಕರೆ ಮಾಡಿ, ದೂರು ಕೊಡಿ, ಹಿಂದೆ ಬಿದ್ದು ಕೆಲಸ ಮಾಡಿಸಿ. ದೀಪವಾದರೆ ಪಾಲಿಕೆಯ ಬಾಗಿಲು ಬಡಿಯಿರಿ, ಅಲ್ಲಿ ನೀವು ಆರಿಸಿದವರು ಕೂರುವವರೆಗೂ ಬಡಿಯಿರಿ.

ಮುಂದಿನ ಭಾನುವಾರ ಮತ್ತೆ ಸಭೆ ಇರುತ್ತದೆ. ಅದೇ ಕುರ್ಚಿ, ಅದೇ ಮೈಕು, ಅದೇ ಕಾಫಿ. ಯಾರೋ ಎದ್ದು ಉದ್ಯಾನದ ಬೀಗದ ವಿಷಯ ತೆಗೆಯುತ್ತಾರೆ. ಆಗ ನೀವೂ ಎದ್ದು ನಿಲ್ಲಿ. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ. ಮೊದಲು ಉದ್ಯಾನದ್ದು, ಆಮೇಲೆ ಪಾಲಿಕೆಯದು.